ಮಾಯದ ಗಾಯಕ್ಕೆ ಪ್ರಾಣವಾಯು

ಸಂತ ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಬರುವ ರಕ್ತಸ್ರಾವದ ಸ್ತ್ರೀಯನ್ನು ನಾವೆಲ್ಲರೂ ಬಲ್ಲೆವು. ಹನ್ನೆರಡು ವರುಷ ನರಳಿದಳು, ಇದ್ದುದನ್ನೆಲ್ಲ ವೈದ್ಯರಿಗೆ ಸುರಿದಳು, ಕೊನೆಗೆ ಯಾರ ಕಣ್ಣಿಗೂ ಬೀಳದಂತೆ ಗುಂಪಿನ ಹಿಂದಿನಿಂದ ಬಂದಳು. ಹೀಗೆ ಹಿಂದೆ ನಿಲ್ಲುವವರು ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ಇದ್ದಾರೆ.

ಹೊಸೂರು ಭಾಗದಲ್ಲಿ ಮನೆಭೇಟಿಗೆ ಹೋಗಿದ್ದಾಗ ತಾಯಿಯೊಬ್ಬರು ಮಗನ ಫೈಲನ್ನು ನಮ್ಮ ಮುಂದಿಟ್ಟರು. "ಮೂಲವ್ಯಾಧಿ ಅಂತ ಎರಡು ವರ್ಷ ನಾಟಿ ಔಷಧಿ ಮಾಡಿಸಿದ್ವಿ ಸ್ವಾಮಿ. ಈಗ ಬೆಂಗಳೂರಲ್ಲಿ ಕ್ರೋನ್ ಕಾಯಿಲೆ ಅಂತಾರೆ. ಆಪರೇಷನ್ ಮಾಡಿದ ಗಾಯ ಮಾಯ್ತಾನೇ ಇಲ್ಲ. ಆಕ್ಸಿಜನ್ ಕೊಟ್ರೆ ವಾಸಿಯಾಗುತ್ತಂತೆ, ನಿಜಾನಾ?" ಮಗ ಒಳಕೋಣೆಯಿಂದ ಹೊರಗೆ ಬರಲೇ ಇಲ್ಲ. ತಿಳಿದವರನ್ನು ಕೇಳಿ ಆ ತಾಯಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಕ್ರೋನ್ ಕಾಯಿಲೆಗೆ ಈ ಹೆಸರು ಬಂದದ್ದು 1932ರಲ್ಲಿ ಸಂಗಡಿಗರೊಡನೆ ಅದನ್ನು ವಿವರಿಸಿದ ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಅವರಿಂದ. ದೇಹದ ರಕ್ಷಣಾ ಶಕ್ತಿಯೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಉರಿಯೂತ ಕರುಳಿನ ಗೋಡೆಯನ್ನು ಆರಪಾರ ಕೊರೆಯುವುದರಿಂದ ಕೆಲವರಿಗೆ ಗುದದ್ವಾರದ ಪಕ್ಕದಲ್ಲಿ ಕೀವು ಸೋರುವ ಸುರಂಗ, ಅಂದರೆ ಭಗಂದರ, ಉಂಟಾಗುತ್ತದೆ. ಮೂಲವ್ಯಾಧಿಯೆಂದು ತಪ್ಪು ತಿಳಿಯುವುದು ಇಲ್ಲೇ. ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ: ಕರುಳಿನ ಕ್ಷಯವೂ ನೋಡಲು ಹೀಗೆಯೇ ಇರುತ್ತದೆ. ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳದೆ ರಕ್ಷಣಾ ಶಕ್ತಿಯನ್ನು ತಗ್ಗಿಸುವ ಮದ್ದು ಕೊಟ್ಟರೆ ಅಪಾಯ.

ಇನ್ನು ಆಕ್ಸಿಜನ್ ವಿಷಯ. ನಾವು ಉಸಿರಾಡುವ ಗಾಳಿಯಲ್ಲಿ ಪ್ರಾಣವಾಯು ಶೇಕಡಾ 21ರಷ್ಟು. ಆರೋಗ್ಯವಂತನ ಕೆಂಪು ರಕ್ತಕಣಗಳು ಅಷ್ಟರಿಂದಲೇ ಬಹುಮಟ್ಟಿಗೆ ತುಂಬಿಹೋಗಿರುತ್ತವೆ. ಮೂಗಿಗೆ ಕೊಳವೆ ಇಟ್ಟರೆ ಹೆಚ್ಚೇನೂ ಸೇರದು. ಆದರೆ ಒತ್ತಡ ಹೆಚ್ಚಿಸಿದ ಮುಚ್ಚಿದ ಕೋಣೆಯಲ್ಲಿ ಶುದ್ಧ ಆಕ್ಸಿಜನ್ ಉಸಿರಾಡಿದರೆ, ಸೋಡಾ ಬಾಟಲಿಯಲ್ಲಿ ಅನಿಲ ಕರಗಿರುವಂತೆ, ಅದು ರಕ್ತದ ನೀರಿನಂಶದಲ್ಲೇ ಕರಗುತ್ತದೆ. 1960ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಶಸ್ತ್ರವೈದ್ಯ ಇಟೆ ಬೂರೆಮಾ, ಬಹುಪಾಲು ಕೆಂಪು ಕಣಗಳನ್ನೇ ತೆಗೆದ ಹಂದಿಗಳನ್ನು ಇಂಥ ಕೋಣೆಯಲ್ಲಿ ಬದುಕಿಸಿ ತೋರಿಸಿದರು. ರಕ್ತ ಸರಿಯಾಗಿ ಹರಿಯದ ಗಾಯಕ್ಕೂ ಹೀಗೆ ಪ್ರಾಣವಾಯು ತಲುಪಿದರೆ ಹೊಸ ರಕ್ತನಾಳ ಚಿಗುರುತ್ತದೆ, ಬಿಳಿಕಣಗಳು ರೋಗಾಣುಗಳನ್ನು ಚೆನ್ನಾಗಿ ಕೊಲ್ಲುತ್ತವೆ.

ಸಾಮಾನ್ಯವಾಗಿ ವಾತಾವರಣದ ಎರಡರಿಂದ ಎರಡೂವರೆ ಪಟ್ಟು ಒತ್ತಡ, ದಿನಕ್ಕೆ ಸುಮಾರು 90 ನಿಮಿಷ, ವಾರಕ್ಕೆ ಐದು ದಿನ, ಹೀಗೆ 30–40 ಸಲ. ಕೋವಿಡ್ ಕಾಲದಲ್ಲಿ 2021ರಲ್ಲಿ ಕೊಂಡ ಯಂತ್ರ ಮನೆಯಲ್ಲಿದೆ, ಅದು ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು, ಅದರಲ್ಲಿ ಆ ಒತ್ತಡವೇ ಇಲ್ಲ. ಕೋಣೆಯೊಳಗೆ ಬೆಂಕಿಯ ಭಯವಿರುವುದರಿಂದ ಮೊಬೈಲ್ ಒಯ್ಯಬಾರದು, ತಲೆಗೆ ಎಣ್ಣೆ ಹಚ್ಚಬಾರದು, ಹತ್ತಿ ಬಟ್ಟೆಯನ್ನೇ ತೊಡಬೇಕು. ಕಿವಿನೋವು ಬರಬಹುದು, ದೃಷ್ಟಿ ತಾತ್ಕಾಲಿಕವಾಗಿ ಮಸುಕಾಗಬಹುದು, ಅಪರೂಪಕ್ಕೆ ಫಿಟ್ಸ್ ಬರಬಹುದು. ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡವರಿಗೆ, ಅದಕ್ಕೆ ಚಿಕಿತ್ಸೆಯಾಗುವ ತನಕ, ಇದು ಕೂಡದು.

ಮಧುಮೇಹಿಗಳ ಕಾಲಿನ ಗಂಭೀರ ಹುಣ್ಣುಗಳಿಗೆ ಈ ಚಿಕಿತ್ಸೆ ಒಪ್ಪಿತವಾಗಿದೆ. ಕ್ರೋನ್ ಗಾಯಗಳಿಗೆ ಇನ್ನೂ ಅಷ್ಟು ಪುರಾವೆ ಕೂಡಿಬಂದಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿಯೇ ಭಗಂದರವಿದ್ದ 20 ಕ್ರೋನ್ ರೋಗಿಗಳ ಮೇಲೆ ಪರೀಕ್ಷೆ ನಡೆದು ಹಲವರಿಗೆ ಗುಣ ಕಂಡಿತು. ಆದರೆ ಹೋಲಿಸಿ ನೋಡಲು ಆಕ್ಸಿಜನ್ ಪಡೆಯದ ಬೇರೊಂದು ಗುಂಪು ಇರಲಿಲ್ಲ. ಆದ್ದರಿಂದ ಇನ್‌ಫ್ಲಿಕ್ಸಿಮಾಬ್‌ನಂಥ ಮದ್ದು ಮತ್ತು ಕೀವು ಹರಿದುಹೋಗಲು ದಾರ ಹಾಯಿಸುವ ಶಸ್ತ್ರಕ್ರಿಯೆ, ಇವುಗಳ ಜೊತೆಗೆ ಆಕ್ಸಿಜನ್ನೇ ಹೊರತು ಇವುಗಳನ್ನು ಬಿಟ್ಟು ಅಲ್ಲ. ಎಲ್ಲವನ್ನೂ ವಾಸಿಮಾಡುತ್ತೇವೆಂದು ಬೋರ್ಡು ಹಾಕುವವರನ್ನು ನಂಬಿ ಜಮೀನು ಅಡವಿಡಬೇಡಿ. ಮೊದಲು ನಿಮ್ಮ ಕರುಳಿನ ತಜ್ಞರನ್ನು ಕೇಳಿ. ಬೀಡಿ ಸಿಗರೇಟು ಬಿಡುವುದಕ್ಕೆ ಮಾತ್ರ ಯಾರನ್ನೂ ಕೇಳಬೇಕಿಲ್ಲ. ಕ್ರೋನ್ ಕಾಯಿಲೆಯನ್ನು ಹೊಗೆ ಉಲ್ಬಣಿಸುತ್ತದೆ.

ತಾಯಿಗೆ ಇಷ್ಟು ಹೇಳಿ, ಒಳಕೋಣೆಯ ಬಾಗಿಲಲ್ಲಿ ನಿಂತು ಮಗನೊಡನೆ ಮಾತಾಡಿದೆವು. ಬಲಿಪೂಜೆಯ ನಡುವೆ ಎದ್ದುಹೋಗಬೇಕಾದೀತೆಂಬ ನಾಚಿಕೆ ಅವನಿಗೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ರೋಗಿಗಳಿಗೆ ಕಡ್ಡಾಯವಲ್ಲ ಎಂಬುದೂ ಅವನಿಗೆ ತಿಳಿದಿರಲಿಲ್ಲ. ರೋಗಿಗಳ ಅಭ್ಯಂಗ ಸಾಯುವವರಿಗೆ ಮಾತ್ರ ಎಂದುಕೊಂಡಿದ್ದ. ಅಲ್ಲವೆಂದು ವಿವರಿಸಿದ ಮೇಲೆ ಅದನ್ನು ಪಡೆದ. ಈಗ ನಮ್ಮ ದೇವಾಲಯದ ಪಕ್ಕದ ಬಾಗಿಲ ಬಳಿ ಒಂದು ಬೆಂಚು ಹಾಕಿಸಿದ್ದೇವೆ. ಹಿಂದಿನ ಶೌಚಾಲಯದ ಬೀಗದ ಕೈ ಅದೇ ಬಾಗಿಲ ಮೊಳೆಯಲ್ಲಿ ತೂಗುತ್ತಿರುತ್ತದೆ, ಯಾರನ್ನೂ ಕೇಳಬೇಕಿಲ್ಲ.