ಹಳೆ ಗೋವೆಯಲ್ಲೊಂದು ವಿಜಯಪುರದ ಬಾಗಿಲು

ಗೊಳಸಂಗಿಯ ಮಕ್ಕಳಿಗೆ ಗೋಳಗುಮ್ಮಟ ಹೊಸದಲ್ಲ. ಆದರೆ ಅದನ್ನು ಕಟ್ಟಿಸಿದ ಆದಿಲ್‌ಶಾಹಿಗಳಿಗೆ ಹಿಂದೆ ಹಳೆ ಗೋವೆಯೇ ಬಂದರಾಗಿತ್ತೆಂಬುದು ಎಷ್ಟು ಜನಕ್ಕೆ ಗೊತ್ತು? 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಅದನ್ನು ಗೆದ್ದ. ಮುಂದೆ ಅಲ್ಲಿ ಯುರೋಪಿನ ಮಾದರಿಯ ನಗರವೇ ಎದ್ದಿತು.

ಶೈಕ್ಷಣಿಕ ಪ್ರವಾಸಕ್ಕೆ ಹೋದವರು ಎರಡು ಚರ್ಚು ನೋಡಿ ಬಸ್ಸು ಹತ್ತುವುದೇ ಹೆಚ್ಚು. ಅದರ ಬದಲು ಬಲ್ಲ ಮಾರ್ಗದರ್ಶಿಯೊಬ್ಬರ ಜೊತೆ ಮಾಂಡೋವಿ ದಂಡೆಯಿಂದ ನಡೆದುಹೋಗಿ. ಮೊದಲು ಸಿಗುವುದು ವೈಸರಾಯ್ ಕಮಾನು. ಹಡಗಿಳಿದ ಹೊಸ ವೈಸರಾಯ್‌ಗಳು ಇದರ ಮೂಲಕವೇ ಊರು ಪ್ರವೇಶಿಸುತ್ತಿದ್ದರು. ಮುಂದೆ, ರೋಮಿನ ಸೇಂಟ್ ಪೀಟರ್ ಚರ್ಚನ್ನು ಹೋಲುವ ಸೇಂಟ್ ಕಜೆಟನ್ ಚರ್ಚಿನ ಬಳಿ ಕರಿಕಲ್ಲಿನ ಒಂಟಿ ಬಾಗಿಲೊಂದಿದೆ. ಆದಿಲ್‌ಶಾಹಿ ಅರಮನೆಯಲ್ಲಿ ಉಳಿದದ್ದು ಇಷ್ಟೇ. ಅದರ ಕೆತ್ತನೆ ನಮ್ಮ ದೇವಾಲಯಗಳ ಶೈಲಿಯದು. ಗೆದ್ದ ಮೇಲೆ ಅದೇ ಅರಮನೆಯಲ್ಲಿ ಪೋರ್ಚುಗೀಸ್ ಅಧಿಪತಿಗಳೂ ವಾಸವಾಗಿದ್ದರು.

ಅಲ್ಲಿಂದ 1605ರ ಬಾಮ್ ಜೀಸಸ್ ಚರ್ಚಿಗೆ ಕೆಲವೇ ನಿಮಿಷಗಳ ನಡಿಗೆ. ಸಾಂಕ್ರಾಮಿಕ ರೋಗಗಳಿಂದ ಜನ ಊರು ಬಿಟ್ಟರು. 1843ರಲ್ಲಿ ರಾಜಧಾನಿಯೂ ಪಣಜಿಗೆ ಹೋಯಿತು. 1986ರಲ್ಲಿ ಇಲ್ಲಿನ ಚರ್ಚುಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಪಾಲಕರೇ, ಮಕ್ಕಳನ್ನು ಆ ಬಾಗಿಲ ಮುಂದೆ ಹತ್ತು ನಿಮಿಷ ನಿಲ್ಲಿಸಿ. ಪಠ್ಯಪುಸ್ತಕದ ಎರಡು ಬೇರೆ ಪಾಠಗಳು ಅಲ್ಲಿ ಒಂದಾಗುವುದನ್ನು ಅವರೇ ಕಂಡುಕೊಳ್ಳಲಿ.