ಸೋರೆಬುರುಡೆಯ ಪೈಪು ಮತ್ತು ಅದರ ಜೀರ್ಣೋದ್ಧಾರ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ತತ್ತ್ವಪದ ಹಾಡುವವರ ಕೈಯಲ್ಲಿ ಏಕತಾರಿಯನ್ನು ವಾಚಕರು ಕಂಡಿರಬಹುದು. ಅದರ ಬುಡದ ಬುರುಡೆಯು ಬಲಿತು ಒಣಗಿದ ಸೋರೆಕಾಯಿಯಲ್ಲದೆ ಬೇರೆಯಲ್ಲ. ಯಾದಗಿರಿಯ ಬದಿಯಲ್ಲಿ ಹರಿಯುವ ಭೀಮೆಯ ಮೇಲ್ದಂಡೆಯಲ್ಲಿ, ಪಂಢರಪುರದ ಸುತ್ತಲು ಬೆಳೆದ ದೊಡ್ಡ ಬುರುಡೆಗಳು ಮೀರಜಿಗೆ ಹೋಗಿ ತಂಬೂರಿಗಳಾಗುತ್ತವೆ. ಇದೇ ಜಾತಿಯ ಕಾಯಿಯಿಂದ ದಕ್ಷಿಣ ಆಫ್ರಿಕದಲ್ಲಿ ತಂಬಾಕಿನ ಪೈಪನ್ನು ಮಾಡಿದರು. ಕ್ಯಾಲಬಾಷ್ ಎಂಬ ಈ ಪೈಪು 1899ರಿಂದ 1902ರವರೆಗಿನ ಬೋಯರ್ ಯುದ್ಧದ ತರುವಾಯ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದಿತು. ಷೆರ್ಲಾಕ್ ಹೋಮ್ಸನ ಬಾಯಲ್ಲಿ ಚಿತ್ರಕಾರರು ಇದನ್ನೇ ಇಡುವರು. ಕಾನನ್ ಡಾಯಿಲನ ಕಥೆಗಳಲ್ಲಾದರೋ ಇದರ ಸುಳಿವಿಲ್ಲ!

ಎಳೆಗಾಯಿಯ ಕೊರಳನ್ನು ಬಳ್ಳಿಯಲ್ಲಿರುವಾಗಲೇ ಬಾಗಿಸಿ ಬೆಳೆಸುತ್ತಾರೆ. ಒಣಗಿದ ಬುರುಡೆಯ ಅಗಲವಾದ ಬಾಯಿಗೆ ಬೆಂಡಿನ ಬಳೆಯನ್ನು ಕೂರಿಸಿ, ಅದರೊಳಗೆ ಮೀರ್‌ಷಾಮ್ ಎಂಬ ಹಗುರವಾದ ಬಿಳಿಯ ಖನಿಜದ ಬಟ್ಟಲನ್ನಿಡುವರು. ಕಿರಿದಾದ ತುದಿಗೆ ಬಾಯಿಕೊಳವೆ. ಬಟ್ಟಲಿಗೂ ಬುರುಡೆಗೂ ನಡುವೆ ಉಳಿಯುವ ಪೊಳ್ಳಿನಲ್ಲಿಯೇ ಇದರ ವಿಶೇಷವಿದೆ.

ಆ ಪೊಳ್ಳಿನಲ್ಲಿ ಹೊಗೆಯು ಹಿಗ್ಗುವುದರಿಂದ ತಂಪಾಗುವುದೆಂದು ಹಲವರು ಹೇಳುತ್ತಾರೆ. ಇದು ಸರಿಯಲ್ಲ. ಸೇದುವಾಗ ಉಂಟಾಗುವ ಒತ್ತಡದ ಇಳಿತವು ಐದು ಸೆಂಟಿಮೀಟರು ನೀರಿನ ಎತ್ತರದಷ್ಟೆಂದು ಇಟ್ಟುಕೊಳ್ಳೋಣ. ವಾಯುಭಾರವು ಸುಮಾರು ಸಾವಿರ ಸೆಂಟಿಮೀಟರು ನೀರಿಗೆ ಸಮ. ಇಷ್ಟು ಅಲ್ಪವಾದ ಹಿಗ್ಗುವಿಕೆಯಿಂದ ಉಷ್ಣತೆಯು ಒಂದು ಡಿಗ್ರಿಯಷ್ಟೂ ಇಳಿಯಲಾರದು. ನಿಜವಾದ ಕಾರಣ ಬೇರೆ. ಕೊಳವೆಯ ರಂಧ್ರದ ವ್ಯಾಸವು 4 ಮಿಲಿಮೀಟರು, ಪೊಳ್ಳಿನದು 32 ಆದರೆ, ಅಡ್ಡಕೊಯ್ತದ ಕ್ಷೇತ್ರವು 64 ಪಟ್ಟಾಗಿ, ಹೊಗೆಯ ವೇಗವು 64ರಲ್ಲಿ ಒಂದು ಪಾಲಿಗೆ ಇಳಿಯುವುದು. ಹೀಗೆ ನಿಧಾನಿಸಿದ ಹೊಗೆಯು ತಣ್ಣನೆಯ ಗೋಡೆಗೆ ಶಾಖವನ್ನು ಕೊಡುತ್ತದೆ. ಅದರಲ್ಲಿಯ ಆವಿಯೂ ಜಿಡ್ಡೂ ಅಲ್ಲಿಯೇ ಕೂಡುತ್ತವೆ. ತಂಪಾದ ಮಾತ್ರಕ್ಕೆ ಹೊಗೆಯು ನಿರ್ವಿಷವಾಯಿತೆಂದು ಯಾರೂ ತಿಳಿಯಬಾರದು. ಹುಕ್ಕಾದ ನೀರಿಗೂ ಈ ಮಾತು ಸಲ್ಲುತ್ತದೆ.

ಹಳೆಯ ಪೈಪನ್ನು ಸರಿಪಡಿಸುವವರಿಗೆ ಆ ಜಿಡ್ಡೇ ಮೊದಲ ತೊಡಕು. ನೀರಿನಲ್ಲಿ ನೆನೆಯಿಡೋಣವೆಂಬ ಯೋಚನೆ ಸಹಜವಾದುದು. ಶಹಾಪುರದ ಹಿರಿಯರೊಬ್ಬರ ಏಕತಾರಿಯನ್ನು ನಾವು ಹೀಗೆಯೇ ನೆನೆಸಿ, ತೊಳೆದು, ವೈಶಾಖದ ಬಿಸಿಲಿಗಿಟ್ಟೆವು. ಸಂಜೆಯ ಹೊತ್ತಿಗೆ ಕೂದಲೆಳೆಯಂತಿದ್ದ ಬಿರುಕು ಗೇಣುದ್ದವಾಗಿತ್ತು. ಅವರು ಒಂದು ಮಾತನ್ನೂ ಆಡಲಿಲ್ಲ. ಬುರುಡೆಯ ನಾರು ನೀರನ್ನು ಹೀರಿ ಉಬ್ಬುತ್ತದೆ. ಬಿಸಿಲಿನಲ್ಲಿ ಹೊರಪದರವು ಬೇಗ ಒಣಗಿ ಕುಗ್ಗುವಾಗ ಒಳಪದರವು ಇನ್ನೂ ಉಬ್ಬಿಯೇ ಇರುವುದರಿಂದ, ಎಳೆತಕ್ಕೆ ಸಿಕ್ಕಿದ ಹೊರಮೈ ಬಿರಿಯುತ್ತದೆ.

ಆದುದರಿಂದ ಬುರುಡೆಯ ಒಳಗನ್ನು ಮದ್ಯಸಾರದಿಂದ ತುಸುವೇ ತೇವ ಮಾಡಿದ ಹತ್ತಿಯಿಂದ ಒರಸಬೇಕು, ಹತ್ತಿರ ಬೆಂಕಿಯಿರಕೂಡದು. ಮೀರ್‌ಷಾಮ್ ಸಹ ನೀರು ಕುಡಿದರೆ ಮೆತ್ತಗಾಗುವುದು. ಬಟ್ಟಲನ್ನು ಮೆಲ್ಲನೆ ತಿರುಗಿಸಿ ತೆಗೆದು, ಒಣಗಿ ಪುಡಿಯಾದ ಬೆಂಡಿನ ಬದಲು ಹೊಸದನ್ನು ಹಾಕಬೇಕು. ಬಾಯಿಕೊಳವೆಯು ಗಂಧಕ ಕೂಡಿಸಿದ ಗಟ್ಟಿ ರಬ್ಬರಿನದಾಗಿದ್ದರೆ, ಬೆಳಕು ಗಾಳಿಗಳಿಂದ ಅದರ ಕಪ್ಪು ಹಸುರುಗಂದಾಗಿರುತ್ತದೆ. ಅದನ್ನು ಬೇರೆಯಾಗಿ ತೆಗೆದು ಅತಿ ನಯವಾದ ಉಜ್ಜುಗಾಗದದಿಂದ ತಿಕ್ಕಿದರೆ ಕಪ್ಪು ಮರಳುವುದು.

ಬುರುಡೆ ಸೀಳಿದ್ದರೆ ಒಳಗಡೆಯಿಂದ ತೆಳುಬಟ್ಟೆಯನ್ನು ಸರೇಸಿನಲ್ಲಿ ಅಂಟಿಸಿ, ನೆರಳಿನಲ್ಲಿಯೇ ಆರಗೊಡಬೇಕು. ಪೈಪು ನೋಟಕ್ಕಿಡುವುದಾದರೆ ಇಷ್ಟು ಸಾಕು. ಆ ಏಕತಾರಿಗೂ ನಾವು ಹೀಗೆಯೇ ಮಾಡಿದೆವು. ಅದರ ನಾದವು ಮೊದಲಿಗಿಂತ ಸ್ವಲ್ಪ ಮಂದವಾಗಿದೆ.