ಹಾಲಿನ ಅಂಕಿಯೂ ನಿಯಂತ್ರಣ ನಕ್ಷೆಯೂ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಜಾವಗಲ್ಲು ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದಿಂದ ಹೆಸರಾದ ಊರು. ಸುತ್ತಲ ಹಳ್ಳಿಗಳದು ಬಹುಮಟ್ಟಿಗೆ ಮಳೆಯನ್ನು ನಂಬಿದ ಬೇಸಾಯ. ರಾಗಿಯೂ ತೆಂಗೂ ಕೈಕೊಟ್ಟ ವರ್ಷ ಎಷ್ಟೋ ಸಂಸಾರಗಳನ್ನು ಸಾಗಿಸುವುದು ಕೊಟ್ಟಿಗೆಯ ಹಸು. ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ, ಎಂದರೆ ಜನರ ಮಾತಿನಲ್ಲಿ ‘ಡೈರಿ’ಗೆ, ಬೆಳಗ್ಗೆಯೂ ಸಂಜೆಯೂ ಹಾಲು ಹಾಕುವಾಗ ಅದರ ಮಾದರಿಯನ್ನು ಪರೀಕ್ಷಿಸಿ ಕೊಬ್ಬು ಎಷ್ಟು, ಕೊಬ್ಬೇತರ ಘನಾಂಶ ಎಷ್ಟು ಎಂಬುದನ್ನು ಗೊತ್ತುಮಾಡುತ್ತಾರೆ. ನಿನ್ನೆ ನೂರಕ್ಕೆ 3.9ರಷ್ಟು ಕೊಬ್ಬು ತೋರಿದ ಹಾಲು ಇಂದು 3.5 ತೋರಿದರೆ ನಷ್ಟವಾಗುವುದು ಹಣವೊಂದೇ ಅಲ್ಲ. ನೀರು ಬೆರೆಸಿರಬಹುದೆಂಬ ಅನುಮಾನವೂ ತಲೆಯೆತ್ತುತ್ತದೆ. ಸಾಲಿನಲ್ಲಿ ನಿಂತ ಹತ್ತು ಮಂದಿಯ ಎದುರಿಗೆ ಅಂಥ ಅನುಮಾನಕ್ಕೆ ಗುರಿಯಾಗುವುದು ಮಾನವಂತರಿಗೆ ಸಣ್ಣ ಸಂಗತಿಯಲ್ಲ. ಹಾಗೆಂದು ಪರೀಕ್ಷಿಸುವವನು ಕಣ್ಣುಮುಚ್ಚಿ ಕುಳಿತರೆ ಕೆಡುವುದು ಎಲ್ಲರ ಹಾಲು. ಯಾವ ಇಳಿತವನ್ನು ಸಹಜವೆಂದು ಬಿಡಬೇಕು, ಯಾವುದನ್ನು ವಿಚಾರಿಸಬೇಕು? ಈ ಪ್ರಶ್ನೆಗೆ ಸಂಖ್ಯಾಶಾಸ್ತ್ರದಲ್ಲಿ ಉತ್ತರವುಂಟು.

ಒಂದೇ ಹಸುವಿನ ಹಾಲು ಎರಡು ದಿನ ಒಂದೇ ತೆರನಾಗಿರುವುದಿಲ್ಲ. ಕರೆಯಲು ತೊಡಗಿದಾಗ ಬರುವ ಹಾಲಿನಲ್ಲಿ ಕೊಬ್ಬು ಕಡಿಮೆ, ಕೊನೆಯಲ್ಲಿ ಹಿಂಡಿದ ಹಾಲಿನಲ್ಲಿ ಬಹಳ ಹೆಚ್ಚು. ಆದುದರಿಂದ ಕರುವಿಗೆಂದು ಒಂದಿಷ್ಟು ಹೆಚ್ಚಾಗಿ ಬಿಟ್ಟ ದಿನ ಡೈರಿಯ ಅಂಕಿ ಇಳಿಯುತ್ತದೆ. ಕರೆಯುವ ಹೊತ್ತು ಅರ್ಧ ಗಂಟೆ ಆಚೀಚೆಯಾದರೂ, ಮಾದರಿ ತೆಗೆಯುವ ಮುನ್ನ ಹಾಲನ್ನು ಚೆನ್ನಾಗಿ ಕಲಕದಿದ್ದರೂ ಅಂಕಿ ಅಲುಗಾಡುತ್ತದೆ. ಇಂಥ ಹತ್ತಾರು ಸಣ್ಣ ಕಾರಣಗಳು ದಿನವೂ ಕೂಡಿ ಕಳೆದು ಉಂಟುಮಾಡುವ ಏರುಪೇರು ಒಂದು ಬಗೆ. ಹಸುವಿಗೆ ಜ್ವರ ಬಂದುದು, ಹುಲ್ಲು ಮುಗಿದು ಬರಿಯ ಹಿಂಡಿ ತಿನ್ನಿಸಿದುದು, ಕ್ಯಾನಿಗೆ ನೀರು ಸೇರಿದುದು, ಇವು ಮತ್ತೊಂದು ಬಗೆ. ಇಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದು ಕಾರಣವಿರುತ್ತದೆ. ಮೊದಲನೆಯದರಲ್ಲಿ ಕಾರಣ ಹುಡುಕುವುದು ವ್ಯರ್ಥ. ಎರಡನೆಯದರಲ್ಲಿ ಹುಡುಕದಿರುವುದು ತಪ್ಪು.

ಈ ಎರಡನ್ನೂ ಬೇರ್ಪಡಿಸುವ ಉಪಾಯವನ್ನು ಕಂಡುಕೊಂಡವನು ಅಮೆರಿಕದ ವಾಲ್ಟರ್ ಶೂಹಾರ್ಟ್. ದೂರವಾಣಿ ಉಪಕರಣಗಳ ತಯಾರಿಕೆಯ ಸಂಬಂಧದಲ್ಲಿ ದುಡಿಯುತ್ತಿದ್ದ ಈತ 1924ರ ಮೇ 16ರಂದು ತನ್ನ ಮೇಲಧಿಕಾರಿಗೆ ಬರೆದ ಕಿರುಟಿಪ್ಪಣಿಯೊಂದರಲ್ಲಿ ಮೊದಲ ನಿಯಂತ್ರಣ ನಕ್ಷೆ ಕಾಣಿಸಿಕೊಂಡಿತು. ಕಲ್ಕತ್ತೆಯಲ್ಲಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಮಹಲನೋಬಿಸರ ಆಹ್ವಾನದ ಮೇಲೆ ಶೂಹಾರ್ಟ್ 1947–48ರಲ್ಲಿ ನಮ್ಮ ದೇಶಕ್ಕೂ ಬಂದಿದ್ದ. ಮುಂದೆ 1950ರ ದಶಕದಲ್ಲಿ ಆ ಸಂಸ್ಥೆಯು ಬೆಂಗಳೂರಿನಲ್ಲಿಯೂ ಗುಣನಿಯಂತ್ರಣ ಘಟಕವನ್ನು ತೆರೆಯಿತು. ಕಾರ್ಖಾನೆಗಾಗಿ ಹುಟ್ಟಿದ ವಿದ್ಯೆಯಾದರೂ ಇದಕ್ಕೆ ಬೇಕಾದುದು ಒಂದು ಹಾಳೆ, ಒಂದು ಸೀಸದ ಕಡ್ಡಿ, ಮತ್ತು ಕೂಡುವುದು ಕಳೆಯುವುದು ಬಲ್ಲ ಒಬ್ಬ ಮನುಷ್ಯ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಬ್ಬ ರೈತನ ಹಾಲು ಹತ್ತು ಬೆಳಗ್ಗೆ ತೋರಿದ ಕೊಬ್ಬಿನ ಅಂಕಿಗಳು: 3.8, 3.6, 3.9, 3.8, 3.7, 4.0, 3.9, 3.7, 3.8, 3.8. ಇವುಗಳ ಸರಾಸರಿ 3.8, ಇದು ನಕ್ಷೆಯ ನಡುಗೆರೆ. ಬಳಿಕ ಪ್ರತಿಯೊಂದು ಅಂಕಿಗೂ ಅದರ ಹಿಂದಿನ ದಿನದ ಅಂಕಿಗೂ ಇರುವ ಅಂತರವನ್ನು ಬರೆಯಬೇಕು: 0.2, 0.3, 0.1, 0.1, 0.3, 0.1, 0.2, 0.1, 0. ಈ ಒಂಬತ್ತು ಅಂತರಗಳ ಮೊತ್ತ 1.4; ಸರಾಸರಿ ಸುಮಾರು 0.156. ಅದನ್ನು 2.66 ಎಂಬ ಗುಣಕದಿಂದ ಗುಣಿಸಿದರೆ 0.41 ಬರುತ್ತದೆ. ನಡುಗೆರೆಯಿಂದ ಇಷ್ಟು ದೂರ ಮೇಲಕ್ಕೂ ಕೆಳಕ್ಕೂ ಗೆರೆ ಎಳೆದರೆ ಮೇಲುಮಿತಿ ಸುಮಾರು 4.2, ಕೆಳಮಿತಿ ಸುಮಾರು 3.4. ಅಂದಮೇಲೆ 3.5 ಎಂಬ ಅಂಕಿ ಈ ಹಸುವಿನ ಮಟ್ಟಿಗೆ ಸಹಜವಾದುದೇ, 3.2 ಬಂದರೆ ಮಾತ್ರ ವಿಚಾರಿಸತಕ್ಕದ್ದು. ನಿಜವಾದ ಬಳಕೆಯಲ್ಲಿ ಹತ್ತು ಅಂಕಿಗಳು ಸಾಲವು, ಇಪ್ಪತ್ತಾದರೂ ಬೇಕು. ಬೆಳಗಿನ ಹಾಲಿಗಿಂತ ಸಂಜೆಯ ಹಾಲಿನಲ್ಲಿ ಸಾಮಾನ್ಯವಾಗಿ ಕೊಬ್ಬು ಹೆಚ್ಚಿರುವುದರಿಂದ ಎರಡಕ್ಕೂ ಬೇರೆ ಬೇರೆ ನಕ್ಷೆಗಳಿರಬೇಕು.

ಗುಣಕ 2.66 ಎಲ್ಲಿಂದ ಬಂತು? ಅಂಕಿಗಳ ಚದುರುವಿಕೆಯನ್ನು ಅಳೆಯುವ ‘ಮಾನಕ ವಿಚಲನೆ’ ಎಂಬ ಮಾನವೊಂದುಂಟು. ದಿನದಿನದ ಅಂತರದ ಸರಾಸರಿಯನ್ನು 2.66ರಿಂದ ಗುಣಿಸಿದರೆ ಮೂರು ಮಾನಕ ವಿಚಲನೆಗಳಷ್ಟಾಗುತ್ತದೆ. ಮೂರೇ ಏಕೆ ಎಂಬುದು ಇಡೀ ವಿಷಯದ ತಿರುಳು. ಪಠ್ಯಪುಸ್ತಕಗಳ ಸಾಮಾನ್ಯ ಪರೀಕ್ಷೆಯಲ್ಲಿ, ಕೇವಲ ಆಕಸ್ಮಿಕವಾಗಿ ಇಪ್ಪತ್ತರಲ್ಲಿ ಒಂದು ಸಲ ಮಾತ್ರ ಬರಬಹುದಾದ ಫಲವನ್ನು ಗಣನೀಯವೆಂದು ಎಣಿಸುವ ರೂಢಿಯಿದೆ. ಒಂದೇ ಒಂದು ಪ್ರಯೋಗಕ್ಕೆ ಅದು ಸರಿಯಿರಬಹುದು. ಆದರೆ ಡೈರಿಯಲ್ಲಿ ಒಬ್ಬನ ಹಾಲಿಗೆ ತಿಂಗಳಿಗೆ ಅರವತ್ತು ಪರೀಕ್ಷೆ. ಆ ಅಳತೆಗೋಲನ್ನೇ ಹಿಡಿದರೆ ಏನೂ ತಪ್ಪು ಮಾಡದವನು ತಿಂಗಳಿಗೆ ಸರಾಸರಿ ಮೂರು ಸಲ ಕಟಕಟೆ ಹತ್ತಬೇಕಾಗುತ್ತದೆ! ಮೂರು ಮಾನಕ ವಿಚಲನೆಗಳ ಮಿತಿಯಲ್ಲಾದರೋ, ಏರುಪೇರು ಗಂಟೆಯಾಕಾರದ ಹಂಚಿಕೆಯನ್ನು ಅನುಸರಿಸುವುದಾದರೆ, ಸುಳ್ಳು ಎಚ್ಚರಿಕೆ ಬರುವುದು ಸುಮಾರು 370 ಅಂಕಿಗಳಿಗೆ ಒಮ್ಮೆ, ಎಂದರೆ ಆರು ತಿಂಗಳಿಗೊಮ್ಮೆ. ಮಿತಿಯನ್ನು ಇನ್ನೂ ಸಡಿಲಿಸಿದರೆ ನಿಜವಾದ ದೋಷವೂ ನುಸುಳಿಹೋದೀತು. ಶೂಹಾರ್ಟ್ ಮೂರನ್ನು ಆರಿಸಿದುದು ಬರಿಯ ಗಣಿತದಿಂದಲ್ಲ. ಎರಡು ಬಗೆಯ ತಪ್ಪುಗಳ ವೆಚ್ಚವನ್ನೂ ತೂಗಿ ಅನುಭವದಿಂದ.

ಮಿತಿಯೊಳಗೇ ಇದ್ದು ಮೆಲ್ಲಗೆ ಜಾರುವ ಅಂಕಿಗಳಿಗೆ ಮತ್ತೊಂದು ಪರೀಕ್ಷೆಯಿದೆ. ಸತತವಾಗಿ ಎಂಟು ಬಿಂದುಗಳು ನಡುಗೆರೆಯ ಕೆಳಗೇ ಬಿದ್ದರೆ, ಒಂದೂ ಮಿತಿಯನ್ನು ದಾಟದಿದ್ದರೂ, ಏನೋ ಬದಲಾಗಿದೆಯೆಂದು ತಿಳಿಯಬೇಕು. ನಾಣ್ಯವನ್ನು ಎಂಟು ಸಲ ಚಿಮ್ಮಿದಾಗ ಎಂಟು ಸಲವೂ ತಲೆಯೇ ಬೀಳುವ ಸಂಭವ 256ರಲ್ಲಿ ಒಂದು, ಇದೂ ಅಷ್ಟೆ. ಕರು ಹಾಕಿದ ಹಸುವಿನ ಹಾಲು ಹೆಚ್ಚುತ್ತ ಹೋದಂತೆ ಕೊಬ್ಬಿನ ಅಂಶ ತಗ್ಗಿ, ಮುಂದೆ ಹಾಲು ಇಳಿಮುಖವಾದಾಗ ಮತ್ತೆ ಏರುವುದು ಪ್ರಕೃತಿನಿಯಮ. ಇಂಥ ಸಾಲುಗಳು ಬಹುಸಾರಿ ಅದರ ಗುರುತೇ ಆಗಿರುತ್ತವೆ. ಆಗ ನಡುಗೆರೆಯನ್ನು ಹೊಸದಾಗಿ ಎಳೆದರಾಯಿತು.

ನೀರನ್ನು ಪತ್ತೆಮಾಡುವುದೇ ಉದ್ದೇಶವಾದರೆ ಕೊಬ್ಬಿಗಿಂತ ಕೊಬ್ಬೇತರ ಘನಾಂಶದ ನಕ್ಷೆ ಮೇಲು. ಹತ್ತರಲ್ಲಿ ಒಂದು ಪಾಲು ನೀರಾದ ಹಾಲಿನ ಕೊಬ್ಬು 3.8ರಿಂದ 3.4ಕ್ಕೆ ಇಳಿಯುತ್ತದೆ, ನಮ್ಮ ನಕ್ಷೆಯಲ್ಲಿ ಅದು ಗೆರೆಯ ಮೇಲೆಯೇ ತೂಗಾಡುವ ಅಂಕಿ. ಘನಾಂಶವಾದರೋ 8.5ರಿಂದ 7.65ಕ್ಕೆ ಇಳಿಯುತ್ತದೆ. ದಿನದಿಂದ ದಿನಕ್ಕೆ ಅದು ಕೊಬ್ಬಿನಷ್ಟು ಅಲುಗುವುದಿಲ್ಲವಾಗಿ ಅದರ ಮಿತಿಗಳು ಇಕ್ಕಟ್ಟು. ಈ ಇಳಿತ ಕೂಡಲೇ ಕಣ್ಣಿಗೆ ಬೀಳುತ್ತದೆ.

ಪರೀಕ್ಷಿಸುವ ಯಂತ್ರಕ್ಕೂ ನಕ್ಷೆ ಬೇಡವೆ? ಒಂದು ಬೆಳಗ್ಗೆ ಎಲ್ಲರ ಹಾಲಿನ ಅಂಕಿಯೂ ಒಟ್ಟಿಗೆ ಇಳಿದರೆ ಊರಿನ ಹಸುಗಳೆಲ್ಲ ಮುಷ್ಕರ ಹೂಡಿದವೆಂದು ಭಾವಿಸಬೇಕಿಲ್ಲ. ಯಂತ್ರದ ಕಡೆ ನೋಡಬೇಕು. ಗಂಧಕಾಮ್ಲವನ್ನು ಬಳಸುವ ಗರ್ಬರ್ ವಿಧಾನದಿಂದ ಕೊಬ್ಬನ್ನು ಮೊದಲೇ ನಿಶ್ಚಯಿಸಿದ ಮಾದರಿಯನ್ನು ಯಂತ್ರಕ್ಕೆ ಕೊಟ್ಟು, ಅದು ಎಷ್ಟು ತಪ್ಪುತ್ತದೆಂಬುದನ್ನು ದಿನವೂ ಗುರುತಿಸಿಟ್ಟರೆ ವಿವಾದದ ಅರ್ಧ ಅಲ್ಲಿಯೇ ತೀರುತ್ತದೆ. ಇಲ್ಲೊಂದು ಅಪಾಯವುಂಟು. ಯಂತ್ರ ಇಂದು 0.1 ಕಡಿಮೆ ತೋರಿತೆಂದು ಅಷ್ಟನ್ನೇ ಮೇಲಕ್ಕೇರಿಸಿ, ನಾಳೆ ಹೆಚ್ಚು ತೋರಿತೆಂದು ಕೆಳಗಿಳಿಸುತ್ತ ಹೋದರೆ ಯಂತ್ರ ಸರಿಹೋಗುವುದಿಲ್ಲ. ಅದರ ಚದುರುವಿಕೆ ಸುಮಾರು 1.4 ಪಟ್ಟಾಗುತ್ತದೆ. ಆಕಸ್ಮಿಕವಾದುದನ್ನು ದಿನವೂ ತಿದ್ದುವವನು ಅದಕ್ಕೆ ತನ್ನದೊಂದು ಆಕಸ್ಮಿಕವನ್ನು ಸೇರಿಸುತ್ತಾನೆ. ಮಿತಿಯನ್ನು ದಾಟಿದಾಗ ಮಾತ್ರ ತಿರುಪಿಗೆ ಕೈಹಾಕಬೇಕು.

ನಕ್ಷೆಯಿಂದ ಆಗದ ಕೆಲಸಗಳೂ ಇವೆ. ಅಂಕಿಗಳು ಮಿತಿಯೊಳಗಿವೆ ಎಂದರೆ ಹಾಲು ಸ್ಥಿರವಾಗಿದೆ ಎಂದರ್ಥವೇ ಹೊರತು ಒಳ್ಳೆಯದಾಗಿದೆ ಎಂದಲ್ಲ. ದರಕ್ಕೆ ಗೊತ್ತುಮಾಡಿದ ಮಟ್ಟಕ್ಕಿಂತ ಸದಾ ಕೆಳಗಿರುವ ಹಾಲೂ ನಿಯಂತ್ರಣದಲ್ಲಿರಬಹುದು. ಮಿತಿಯ ಹೊರಗೆ ಬಿದ್ದ ಬಿಂದುವೂ ವಿಚಾರಣೆಯ ಆರಂಭವಲ್ಲದೆ ತೀರ್ಪಲ್ಲ, ಹಸುವಿಗೆ ಕಾಯಿಲೆಯಾಗಿದ್ದೀತು. ಮೊದಲ ದಿನದಿಂದಲೇ ಒಂದೇ ಅಳತೆಯಲ್ಲಿ ನೀರು ಬೆರೆಸುವ ಜಾಣನಂತೂ ಇದರ ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ಅವನ ನಡುಗೆರೆಯಲ್ಲಿಯೇ ನೀರು ಸೇರಿರುತ್ತದೆ. ಅವನಿಗೆ ಘನೀಭವನದ ಪರೀಕ್ಷೆಯೇ ಬೇಕು: ಅಪ್ಪಟ ಹಾಲು ಹೆಪ್ಪುಗಟ್ಟುವುದು ಸೊನ್ನೆಗಿಂತ ಸುಮಾರು ಅರ್ಧ ಸೆಂಟಿಗ್ರೇಡ್ ಡಿಗ್ರಿ ಕೆಳಗೆ, ನೀರು ಸೇರಿದಷ್ಟೂ ಆ ಬಿಂದು ಸೊನ್ನೆಯ ಕಡೆಗೆ ಸರಿಯುತ್ತದೆ.